ಕೊಲ್ಲುವುದು ಒಂದು ಪ್ರಶ್ನೆ, ನರಳಿಸುವುದು ಇನ್ನೊಂದು: ಮಾಂಸಾಹಾರದ ಬಗ್ಗೆ ಲೆಕ್ಕ ಹಿಡಿದು ಮಾತಾಡೋಣ

ತಕ್ಕಡಿ:
ಮಾಂಸ ತಿನ್ನುವುದು ಸರಿಯೋ ತಪ್ಪೋ ಅನ್ನುವ ಜಗಳ ನಾಲ್ಕು ಮಾತಾಗುವಷ್ಟರಲ್ಲಿ ನಮ್ಮ ಕೋರೆಹಲ್ಲಿಗೋ, ಜಿಂಕೆ ಹಿಡಿಯುವ ಸಿಂಹಕ್ಕೋ ಹೋಗಿ ನಿಲ್ಲುತ್ತದೆ. ಸಿಂಹಕ್ಕೆ ಬೇರೆ ದಾರಿಯಿಲ್ಲ, ಸರಿತಪ್ಪು ಯೋಚಿಸುವ ಶಕ್ತಿಯೂ ಇಲ್ಲ. ಎರಡೂ ಇರುವ ನಮಗೆ ಅದನ್ನು ಮಾದರಿ ಮಾಡಿಕೊಂಡರೆ ಏನೂ ಇತ್ಯರ್ಥವಾಗುವುದಿಲ್ಲ. ಹಲ್ಲಿನ ಆಕಾರ ನೋಡಿದರೆ ನಾವು ಏನು ತಿನ್ನಬಲ್ಲೆವು ಅಂತ ಗೊತ್ತಾಗುತ್ತದೆ, ಏನು ತಿನ್ನಬೇಕು ಅಂತ ಗೊತ್ತಾಗುವುದಿಲ್ಲ.

ಇಲ್ಲಿ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ. ನೋವೇ ಆಗದಂತೆ ಒಂದು ಪ್ರಾಣಿಯನ್ನು ಕೊಂದರೆ ಅದು ತಪ್ಪೇ? ಇದು ಮೊದಲನೆಯದು. ಕೊಲ್ಲುವ ಮುಂಚಿನ ದಿನಗಳಲ್ಲಿ ಅದು ಹೇಗೆ ಬದುಕಿತ್ತು? ಇದು ಎರಡನೆಯದು. ಮೊದಲನೆಯದರಲ್ಲಿ ಬಲ್ಲವರೇ ಒಮ್ಮತಕ್ಕೆ ಬಂದಿಲ್ಲ. ಎರಡನೆಯದರಲ್ಲಿ ಒಮ್ಮತಕ್ಕೆ ಕಾಯಬೇಕಾಗಿಲ್ಲ, ಕಣ್ಣಾರೆ ಕಾಣುವ, ಅಳೆಯಬಹುದಾದ ಸಂಗತಿಗಳು ಬೇಕಾದಷ್ಟಿವೆ. ಪ್ರಾಣಿಗಳಿಗೆ ವಿಚಾರಶಕ್ತಿ ಇದೆಯೇ, ಮಾತು ಬರುತ್ತದೆಯೇ ಅಂತ ಕೇಳಬೇಡಿ, ಅವಕ್ಕೆ ನೋವಾಗುತ್ತದೆಯೇ ಅಂತ ಕೇಳಿ ಎಂದು ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲೇ ಹೇಳಿದ್ದು ಇದನ್ನೇ.

ಅದಕ್ಕೆ ಒಂದು ಕೋರಿಕೆ. 'ಪ್ರಾಣಿಹಿಂಸೆ' ಅಂತ ಒಟ್ಟಾರೆ ಬರೆಯಬೇಡಿ. ಯಾವ ಪ್ರಾಣಿ, ಎಷ್ಟು ದಿನ, ಎಲ್ಲಿ ನೋವು, ಏಕೆ, ಅದನ್ನು ತಪ್ಪಿಸಲು ಆಗುತ್ತದೆಯೇ, ಇಷ್ಟನ್ನು ಬರೆಯಿರಿ.

ಗೂಡುದೀಪ:
ಹಾಗಾದರೆ ಬ್ರಾಯ್ಲರ್ ಕೋಳಿಯಿಂದಲೇ ಶುರು ಮಾಡಬೇಕು. ಜಗತ್ತಿನಲ್ಲಿ ವರ್ಷಕ್ಕೆ ಮಾಂಸಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳು 8,000 ಕೋಟಿಗೂ ಹೆಚ್ಚು, ಅದರಲ್ಲಿ ಬಹುಪಾಲು ಕೋಳಿಗಳೇ.

ಮರಿ ಮೊಟ್ಟೆಯೊಡೆದು ಬಂದಾಗ 40 ಗ್ರಾಂ ಆಸುಪಾಸು ಇರುತ್ತದೆ. 35ರಿಂದ 42 ದಿನದಲ್ಲಿ ಎರಡು, ಎರಡೂವರೆ ಕಿಲೋ ತೂಗುತ್ತದೆ. ಇದು ಹಾರ್ಮೋನ್ ಚುಚ್ಚಿ ಬರಿಸಿದ ತೂಕ ಅನ್ನುವುದು ತಪ್ಪು ತಿಳಿವಳಿಕೆ. ತಳಿಯ ಆಯ್ಕೆಯಿಂದಲೇ ಬಂದದ್ದು. 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಹಾಕಿ ಜೊತೆಗೇ ಸಾಕಿ ನೋಡಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಗಿದೆ. 56ನೇ ದಿನಕ್ಕೆ ಹಳೆಯ ತಳಿ 905 ಗ್ರಾಂ ಇದ್ದರೆ ಹೊಸ ತಳಿ 4,202 ಗ್ರಾಂ ಇತ್ತು. ಎದೆಯ ಮಾಂಸ ಬೆಳೆದ ವೇಗಕ್ಕೆ ಕಾಲಿನ ಮೂಳೆಯಾಗಲಿ ಹೃದಯವಾಗಲಿ ಬೆಳೆಯಲು ಆಗುವುದಿಲ್ಲ. ಕಾಲು ಸೊಟ್ಟಗಾಗುತ್ತದೆ. ಹೃದಯ ಸೋತು ಹೊಟ್ಟೆಯಲ್ಲಿ ನೀರು ತುಂಬಿ ಕೆಲವು ಸಾಯುತ್ತವೆ.

ಕುಂಟುವ ಕೋಳಿಗೆ ನಿಜವಾಗಿ ನೋವಿದೆಯೋ, ಬರೀ ಭಾರಕ್ಕೆ ನಡಿಗೆ ಹಾಗಾಗಿದೆಯೋ? ಇದನ್ನೂ ಪರೀಕ್ಷೆ ಮಾಡಿದ್ದಾರೆ. ಎರಡು ಬಣ್ಣದ ಆಹಾರ ಇಟ್ಟು, ಒಂದರಲ್ಲಿ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆಸಿದರು. ಕುಂಟುವ ಕೋಳಿಗಳು ಮದ್ದಿರುವ ಆಹಾರವನ್ನೇ ಹೆಚ್ಚು ಆರಿಸಿಕೊಂಡು ತಿಂದವು. ಕುಂಟು ಹೆಚ್ಚಿದಷ್ಟೂ ತಿಂದ ಮದ್ದೂ ಹೆಚ್ಚು. ಬಾಯಿಲ್ಲದ ಜೀವ ತನ್ನ ನೋವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು?

ಇನ್ನು ನೆಲದ ಹಾಸು. ಹೊಟ್ಟು, ಮರದಪುಡಿ ಏನೇ ಹಾಸಿದರೂ ತೇವ 20ರಿಂದ 25 ಶೇಕಡ ಇದ್ದರೆ ಪುಡಿಪುಡಿಯಾಗಿರುತ್ತದೆ. 35 ದಾಟಿದರೆ ಗಟ್ಟಿಕಟ್ಟಿ ಹೆಂಟೆಯಾಗುತ್ತದೆ. ಸಾಮಾನ್ಯವಾಗಿ ತಪ್ಪಾಗುವುದು ಕೋಳಿ ಕುಕ್ಕಿ ಕುಡಿಯುವ ನೀರಿನ ನಿಪ್ಪಲ್‌ನಲ್ಲಿ. ಎತ್ತರ ಕಡಿಮೆಯಿಟ್ಟರೆ ಕೋಳಿ ಕುಡಿದದ್ದಕ್ಕಿಂತ ಚೆಲ್ಲಿದ್ದೇ ಜಾಸ್ತಿ. ಒದ್ದೆ ಹಾಸಿನಲ್ಲಿ ಹಿಕ್ಕೆಯ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಅಮೋನಿಯಾ ಮಾಡುತ್ತವೆ. ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 25 ಭಾಗ ದಾಟಿದರೆ ಕಣ್ಣು, ಶ್ವಾಸನಾಳ ಕೆಡುತ್ತವೆ. ದಿನದ ಹೆಚ್ಚು ಹೊತ್ತು ಕೂತೇ ಇರುವ ಭಾರದ ಕೋಳಿಯ ಕಾಲಗಂಟು, ಅಂಗಾಲು, ಎದೆಯ ಚರ್ಮ ಇದೇ ಹಾಸಿಗೆ ತಾಗಿ ಸುಡುತ್ತವೆ. ಕೊಯ್ದ ಕೋಳಿಯ ಕಾಲಗಂಟಿನ ಹಿಂಭಾಗದಲ್ಲಿ ಕಂದು ಕಲೆ ಕಂಡರೆ ಅದು ಆ ಸುಟ್ಟಗಾಯ. ಯಾರು ಬೇಕಾದರೂ ನೋಡಿ ತಿಳಿಯಬಹುದು.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಈ ಮರಿಗಳ ತಾಯಿತಂದೆಯರ ಪಾಡು. ಅವು ಹೊಟ್ಟೆತುಂಬ ತಿಂದರೆ ಮರಿ ಮಾಡುವ ವಯಸ್ಸಿಗೆ ಬರುವ ಮುಂಚೆಯೇ ಕೊಬ್ಬಿ ಕುಸಿಯುತ್ತವೆ. ಅದಕ್ಕೇ ಬೆಳೆಯುವ ಕಾಲದಲ್ಲಿ ಅವಕ್ಕೆ ಸಿಗುವುದು ಬಿಟ್ಟರೆ ತಿನ್ನುವುದರ ಅರ್ಧಕ್ಕಿಂತಲೂ ಕಡಿಮೆ. ದಿನದ ಪಾಲನ್ನು ನಿಮಿಷಗಳಲ್ಲಿ ಮುಗಿಸಿ ಉಳಿದ ಹೊತ್ತು ಖಾಲಿ ತಟ್ಟೆ ಕುಕ್ಕುತ್ತಿರುತ್ತವೆ. ತಿಂದರೆ ರೋಗ, ತಿನ್ನದಿದ್ದರೆ ಹಸಿವು. ಸಾಕುವವನು ಎಷ್ಟೇ ಒಳ್ಳೆಯವನಾದರೂ ಈ ತಳಿ ಇಟ್ಟುಕೊಂಡು ಇದನ್ನು ಸರಿಮಾಡಲಾರ. ನಿಧಾನ ಬೆಳೆಯುವ ತಳಿಗೆ ಹೋಗುವುದೊಂದೇ ದಾರಿ.

ಹಾಲುಬಟ್ಟಲು:
ಮೊಟ್ಟೆ, ಹಾಲಿನಲ್ಲಿ ಕೊಲೆಯಿಲ್ಲವಲ್ಲ? ಅಷ್ಟಕ್ಕೇ ನಿಲ್ಲಿಸಿದರೆ ಈ ಪಾಪದಿಂದ ಹೊರಗೆ ಬಂದಂತಲ್ಲವೇ?

ಗೂಡುದೀಪ:
ಹಾಲುಬಟ್ಟಲು ಅವರೇ, ದುರದೃಷ್ಟಕ್ಕೆ ಇಲ್ಲ. ಮೊಟ್ಟೆಯ ತಳಿ ಬೇರೆ, ಮಾಂಸದ ತಳಿ ಬೇರೆ. ಮೊಟ್ಟೆ ತಳಿಯ ಹುಂಜಮರಿ ಮೊಟ್ಟೆಯಿಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹುಟ್ಟಿದ ದಿನವೇ ಬೇರ್ಪಡಿಸಿ ಯಂತ್ರಕ್ಕೋ ಅನಿಲಕ್ಕೋ ಹಾಕುತ್ತಾರೆ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು. ಜರ್ಮನಿ ಇದನ್ನು 2022ರಿಂದ ನಿಷೇಧಿಸಿದೆ. ಈಗ 21 ದಿನದ ಕಾವಿನ ನಡುವೆಯೇ ಮೊಟ್ಟೆಯೊಳಗೆ ಹೆಣ್ಣೋ ಗಂಡೋ ಪತ್ತೆಹಚ್ಚುವ ಉಪಕರಣಗಳಿವೆ.

ಹೇಟೆಯ ಕಥೆ ಮೂಳೆಯಲ್ಲಿದೆ. ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ, ಲೇಯರ್ ಕೋಳಿ ಇಡುವುದು ಸುಮಾರು 300. ಒಂದೊಂದು ಚಿಪ್ಪಿಗೂ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಆಹಾರದಿಂದ ಸಾಲದ್ದನ್ನು ಕೋಳಿ ತನ್ನ ಮೂಳೆಯಿಂದ ತೆಗೆಯುತ್ತದೆ. ಕೊನೆಕೊನೆಗೆ ಎದೆಮೂಳೆ ಮುರಿದ ಕೋಳಿಗಳು ಹಲವು ಹಿಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿರುತ್ತವೆ. ಪಂಜರ ತೆಗೆದ ಮಾತ್ರಕ್ಕೆ ಇದು ಹೋಗುವುದಿಲ್ಲ. ಅಟ್ಟಣಿಗೆ ಇರುವ ಕೊಟ್ಟಿಗೆಗಳಲ್ಲಿ ಹಾರಿ ಬಡಿದುಕೊಂಡು ಮುರಿಯುವುದು ಇನ್ನೂ ಹೆಚ್ಚಾಗಬಹುದು, ಹಾಗಾಗಿ ಮೆಟ್ಟಿಲಿನಂತೆ ಇಳಿಜಾರು ಹಲಗೆ ಕೊಡಲೇಬೇಕು. ಆದರೂ ಪಂಜರ ತೆಗೆಯುವುದು ಸರಿ ಅನ್ನುತ್ತೇನೆ. ಹಳೆಯ ಪಂಜರಗಳಲ್ಲಿ ಒಂದು ಕೋಳಿಗೆ ಸಿಗುತ್ತಿದ್ದ ಜಾಗ 450ರಿಂದ 550 ಚದರ ಸೆಂಟಿಮೀಟರ್. ಒಂದು ಎ4 ಹಾಳೆಯೇ 620ಕ್ಕೂ ಹೆಚ್ಚಿದೆ. ಅಲ್ಲಿ ರೆಕ್ಕೆ ಬಿಚ್ಚುವುದಕ್ಕೂ ಆಗದು. ಯುರೋಪಿಯನ್ ಒಕ್ಕೂಟ 2012ರಿಂದ ಆ ಬಗೆಯ ಪಂಜರವನ್ನು ನಿಲ್ಲಿಸಿದ್ದು ಈ ಕಾರಣಕ್ಕೇ.

ಹಾಲಿನ ಬಗ್ಗೆ ಚಿಕ್ಕದಾಗಿ: ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹಾಕಿದ ಕರುಗಳಲ್ಲಿ ಅರ್ಧ ಗಂಡು. ಆ ಹೋರಿಗರು ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಉತ್ತರ ಕೊಡದ ಹಾಲಿನ ವ್ಯವಸ್ಥೆ ಮಾಂಸದಿಂದ ದೂರ ನಿಂತಿಲ್ಲ. ಕೆಚ್ಚಲುಬಾವು, ಗೊರಸಿನ ಕುಂಟು ಎರಡೂ ಹೆಚ್ಚು ಹಾಲಿನ ಹಸುಗಳ ನಿತ್ಯದ ನೋವು. ಸುಲಭವಾಗಿ ತಪ್ಪಿಸಬಹುದಾದದ್ದೂ ಒಂದಿದೆ, ಕೊಂಬು ಬೆಳೆಯದಿರಲಿ ಅಂತ ಕರುವಿನ ಕೊಂಬಿನ ಮೊಗ್ಗು ಸುಡುವುದು. ಕೊಂಬಿನ ನರಕ್ಕೆ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದು ಚುಚ್ಚಿ ಹತ್ತು ನಿಮಿಷ ಕಾದು ಸುಟ್ಟರೆ ಆ ಕ್ಷಣದ ನೋವು ತಪ್ಪುತ್ತದೆ. ಆದರೆ ಅದರ ಪ್ರಭಾವ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ, ನೋವು ಆಗ ಏರುತ್ತದೆ. ಜೊತೆಗೆ ಹೆಚ್ಚು ಹೊತ್ತು ಕೆಲಸ ಮಾಡುವ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಕೊಡದಿದ್ದರೆ ಅರ್ಧ ಕೆಲಸ ಮಾಡಿದಂತೆ.

ಎದುರುಮಾತು:
ಸಾಕಣೆಯ ಮಾತಾಯಿತು. ಕೊಲ್ಲುವ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಿದರೆ ನೋವೇ ಇಲ್ಲ ಅನ್ನುತ್ತಾರೆ. ಹಾಗಿದ್ದರೆ ಆ ಭಾಗಕ್ಕಾದರೂ ಆಕ್ಷೇಪಣೆ ಬೇಡವಲ್ಲ?

ಮೂಕಸಾಕ್ಷಿ:
ಪ್ರಜ್ಞೆ ತಪ್ಪಿಸಿದರೆ ನೋವಿಲ್ಲ, ನಿಜ. ಎಲ್ಲವೂ ಇರುವುದು ಆ 'ರೆ' ಒಳಗೆ.

ದನಕ್ಕೆ ಬೋಲ್ಟ್ ಪಿಸ್ತೂಲು ಬಳಸುತ್ತಾರೆ, ಗುಂಡಿನ ಬದಲು ಬೋಲ್ಟ್ ಎಂಬ ಉಕ್ಕಿನ ಸರಳು ಚಿಮ್ಮಿ ತಲೆಗೆ ಬಡಿಯುತ್ತದೆ. ಒಂದು ಕಣ್ಣಿನಿಂದ ಎದುರು ಬದಿಯ ಕೊಂಬಿನ ಬುಡಕ್ಕೆ ಗೆರೆ ಎಳೆದುಕೊಳ್ಳಿ, ಇನ್ನೊಂದು ಕಣ್ಣಿನಿಂದಲೂ ಹಾಗೆಯೇ. ಎರಡೂ ಕೂಡುವ ಜಾಗ ಗುರಿ. ಪಿಸ್ತೂಲು ತಲೆಬುರುಡೆಗೆ ನೇರವಾಗಿ ಒತ್ತಿರಬೇಕು, ವಾಲಿದರೆ ಬೋಲ್ಟ್ ಜಾರುತ್ತದೆ. ಸರಿಯಾಗಿ ಬಿದ್ದರೆ ದನ ಅದೇ ಕ್ಷಣ ಕುಸಿಯುತ್ತದೆ, ಉಸಿರಾಟದ ಲಯ ನಿಲ್ಲುತ್ತದೆ, ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕುವುದಿಲ್ಲ. ಕಾಲು ಒದೆಯಬಹುದು, ಅದು ಬೆನ್ನುಹುರಿಯ ಪ್ರತಿಕ್ರಿಯೆ, ಅದರಿಂದ ಗಾಬರಿಯಾಗಬೇಕಿಲ್ಲ. ಲಯಬದ್ಧ ಉಸಿರು ಮರಳಿದರೆ, ತಲೆ ಎತ್ತಲು ನೋಡಿದರೆ, ಕೂಗಿದರೆ, ಕೂಡಲೇ ಎರಡನೇ ಏಟು ಬೇಕು. ಒಂದು ನಿಮಿಷದೊಳಗೆ ರಕ್ತನಾಳ ಕೊಯ್ಯಬೇಕು. ಎಡವುವುದು ಮೂರು ಕಡೆ: ತೇವ ಹಿಡಿದ ಮದ್ದಿನ ತೋಟಾ, ದಿನಾ ಬಿಚ್ಚಿ ತೊಳೆಯದ ಬೋಲ್ಟ್, ದಣಿದ ಕೈ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ರೂಪಿಸಿದ ತಪಾಸಣೆ ಪದ್ಧತಿಯಲ್ಲಿ ನೂರಕ್ಕೆ 95 ದನಗಳಾದರೂ ಮೊದಲ ಏಟಿಗೇ ಬೀಳಬೇಕು, ಕೂಗುವವು 3ಕ್ಕಿಂತ ಹೆಚ್ಚಿರಬಾರದು. ಎಣಿಸತೊಡಗಿದ ಮೇಲೆ ಪರಿಸ್ಥಿತಿ ಸುಧಾರಿಸಿದ್ದು ನಿಜ. ಆದರೆ ಗಮನಿಸಿ, ಆ ಅಳತೆಯಲ್ಲಿ ಪಾಸಾದ ಜಾಗದಲ್ಲೂ ನೂರಕ್ಕೆ ಐದರವರೆಗೆ ಎರಡನೇ ಏಟು ತಿಂದಿರಬಹುದು.

ಪ್ರಜ್ಞೆ ತಪ್ಪಿಸದೆ ಕೊಯ್ದರೆ ಏನು ಅನ್ನುವುದೂ ಅಂಗರಚನೆಯ ಪ್ರಶ್ನೆ. ಕುರಿಯ ಮಿದುಳಿಗೆ ರಕ್ತ ಮುಖ್ಯವಾಗಿ ಕುತ್ತಿಗೆಯ ಮುಂದಿನ ನಾಳಗಳಿಂದಲೇ ಹೋಗುತ್ತದೆ, ಅವು ತುಂಡಾದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ದನಕ್ಕೆ ಬೆನ್ನೆಲುಬಿನ ಮಗ್ಗುಲಿನಿಂದಲೂ ರಕ್ತ ಹರಿಯುತ್ತಿರುತ್ತದೆ. ಕೊಯ್ದ ತುದಿಗಳು ಉಬ್ಬಿ ಮುಚ್ಚಿಕೊಂಡರಂತೂ ಒಂದು ನಿಮಿಷ ದಾಟಿಯೂ ಎಚ್ಚರವಿರಬಹುದು.

ಕೋಳಿಯ ವಿಷಯ ಇನ್ನೂ ಕಷ್ಟ. ಎಚ್ಚರವಿರುವಾಗಲೇ ಕಾಲು ಸಿಕ್ಕಿಸಿ ತಲೆಕೆಳಗೆ ನೇತುಹಾಕಿ, ವಿದ್ಯುತ್ ಹರಿಯುವ ನೀರಿನ ತೊಟ್ಟಿಗೆ ತಲೆ ಮುಳುಗಿಸುತ್ತಾರೆ. ರೆಕ್ಕೆ ಬಡಿದರೆ ತಲೆಗಿಂತ ಮೊದಲು ರೆಕ್ಕೆಯ ತುದಿ ನೀರು ಮುಟ್ಟಿ ಶಾಕ್ ಹೊಡೆಯುತ್ತದೆ. ಗಿಡ್ಡ ಕೋಳಿಯ ತಲೆ ನೀರಿಗೆ ಎಟುಕುವುದೇ ಇಲ್ಲ. ವಿದ್ಯುತ್ತಿನ ಲೆಕ್ಕವೂ ಇದೆ. ಅದು ಸೆಕೆಂಡಿಗೆ ಎಷ್ಟು ಸಲ ಅದಲುಬದಲಾಗುತ್ತದೆ ಅನ್ನುವುದು ಆವರ್ತನ, ಅದನ್ನು ಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. 200 ಹರ್ಟ್ಸ್‌ಗಿಂತ ಕೆಳಗೆ ಒಂದೊಂದು ಕೋಳಿಗೂ 100 ಮಿಲಿಆಂಪಿಯರ್ ಸಾಕು, 400 ಹರ್ಟ್ಸ್ ದಾಟಿದರೆ 200 ಮಿಲಿಆಂಪಿಯರ್ ಬೇಕು ಅನ್ನುತ್ತದೆ ಯುರೋಪಿನ ನಿಯಮ. ಆದರೆ ಕಡಿಮೆ ಆವರ್ತನದಲ್ಲಿ ಸ್ನಾಯು ಬಿಗಿದು ಮೂಳೆ ಮುರಿದು ಮಾಂಸದಲ್ಲಿ ರಕ್ತದ ಚುಕ್ಕೆ ಬೀಳುತ್ತದೆ. ಅದನ್ನು ತಪ್ಪಿಸಲು ಆವರ್ತನ ಏರಿಸುತ್ತಾರೆ, ಮಿಲಿಆಂಪಿಯರ್ ಏರಿಸುವುದಿಲ್ಲ. ಕೋಳಿ ಅಲುಗಾಡುವುದು ನಿಲ್ಲಿಸುತ್ತದೆ, ಪ್ರಜ್ಞೆ ಹೋಗಿರುವುದಿಲ್ಲ. ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಇದು ನನ್ನನ್ನು ಬಹಳ ಕಾಡುವ ವಿಷಯ: ಮಾಂಸದ ಅಂದಕ್ಕಾಗಿ ತಿರುಗಿಸಿದ ಒಂದು ಗುಂಡಿ, ಸಾವಿರಾರು ಜೀವಗಳ ಕೊನೆಯ ನಿಮಿಷವನ್ನು ಬದಲಾಯಿಸುತ್ತದೆ.

ಹಂದಿಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಕೂಡ 80 ಶೇಕಡಕ್ಕಿಂತ ಹೆಚ್ಚಿದ್ದಾಗ ಮೂಗು ಗಂಟಲಿನ ತೇವದಲ್ಲಿ ಆಮ್ಲವಾಗುತ್ತದೆ. ಪ್ರಜ್ಞೆ ಹೋಗುವವರೆಗಿನ 15, 20 ಸೆಕೆಂಡು ಹಂದಿ ಬಾಯಿ ತೆರೆದು ಏದುಸಿರು ಬಿಡುತ್ತಾ ಹೊರಬರಲು ನೋಡುತ್ತದೆ. ಆರ್ಗಾನ್ ಬಳಸಿದರೆ ಈ ಉರಿ ಇಲ್ಲ, ಆದರೆ ಹೊತ್ತು ಹಿಡಿಯುತ್ತದೆ, ಖರ್ಚು ಜಾಸ್ತಿ.

ಭಯದ ಗುರುತು ಮಾಂಸದಲ್ಲೇ ಉಳಿಯುತ್ತದೆ ಅನ್ನುವುದನ್ನೂ ಹೇಳಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜೆನ್ ಸತ್ತ ಮೇಲೆ ಲ್ಯಾಕ್ಟಿಕ್ ಆಮ್ಲವಾಗಿ, 24 ಗಂಟೆಯಲ್ಲಿ ಪಿಹೆಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7ರಿಂದ 5.5ರ ಹತ್ತಿರಕ್ಕೆ ಇಳಿಯಬೇಕು. ದೂರದ ಸಾಗಣೆ, ಹಸಿವು, ಅಪರಿಚಿತ ದನಗಳ ಜೊತೆ ಗುದ್ದಾಟ ಇವುಗಳಲ್ಲಿ ಗ್ಲೈಕೊಜೆನ್ ಮೊದಲೇ ಖರ್ಚಾಗಿದ್ದರೆ ಪಿಹೆಚ್ 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಗೆ, ಗಟ್ಟಿಯಾಗಿ, ಅಂಟಂಟಾಗಿ ಇರುತ್ತದೆ, ಬೇಗ ಕೆಡುತ್ತದೆ. ದನ ಮುಂದೆ ಹೆಜ್ಜೆಯಿಡದೆ ನಿಂತರೆ ಕೋಲು ಎತ್ತುವ ಮುಂಚೆ ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ನೇತಾಡುವ ಸರಪಳಿ, ನೀರಿನಲ್ಲಿ ಹೊಳೆಯುವ ಬಲ್ಬು, ನೆಲದ ಮೇಲಿನ ನೆರಳಿನ ಗೆರೆ, ಹೀಗೆ ಏನೋ ಒಂದು ಇದ್ದೇ ಇರುತ್ತದೆ.

ನೀರಲೆ:
ಇಷ್ಟು ಹೊತ್ತು ಮೀನಿನ ಹೆಸರೇ ಬರಲಿಲ್ಲ. ಯಾವಾಗಲೂ ಹೀಗೇ ಆಗುತ್ತದೆ. ಮೀನು ಕೂಗುವುದಿಲ್ಲ, ಟನ್ನಿನಲ್ಲಿ ಲೆಕ್ಕವಾಗುತ್ತದೆ, ತಲೆ ಎಣಿಸುವವರಿಲ್ಲ. ಸಮುದ್ರ, ನದಿಗಳಿಂದ ವರ್ಷಕ್ಕೆ ಹಿಡಿಯುವ ಮೀನುಗಳ ಅಂದಾಜು ಒಂದು ಲಕ್ಷ ಕೋಟಿಯ ಮೇಲಿದೆ.

ನೋವಾಗುತ್ತದೆಯೇ? 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿದಾಗ ಅವು ತುಟಿಯನ್ನು ಕಲ್ಲಿಗೆ ಉಜ್ಜಿದವು, ತೂಗಾಡಿದವು, ತಾಸುಗಟ್ಟಲೆ ಆಹಾರ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟರೆ ಈ ವರ್ತನೆ ಕಡಿಮೆಯಾಯಿತು. ಮೀನಿಗೆ ನಮ್ಮಂಥ ಮಿದುಳಿನ ತೊಗಟೆ ಇಲ್ಲ, ಹಾಗಾಗಿ ನೋವಿಲ್ಲ ಅನ್ನುವ ವಿಜ್ಞಾನಿಗಳೂ ಇದ್ದಾರೆ. ಆದರೆ ಪದರಪದರದ ಆ ತೊಗಟೆ ಹಕ್ಕಿಗೂ ಇಲ್ಲ. ಹಕ್ಕಿಗೆ ಒಪ್ಪಿದ್ದನ್ನು ಮೀನಿಗೆ ಒಪ್ಪದಿರಲು ಬೇರೆ ಕಾರಣ ಬೇಕಾಗುತ್ತದೆ.

ಕೊಲ್ಲುವ ರೀತಿಗೆ ಬಂದರೆ, ಹಿಡಿದ ಬಹುಪಾಲು ಮೀನು ಸಾಯುವುದು ದೋಣಿಯ ಮೇಲೆ ಉಸಿರುಕಟ್ಟಿ. ಐಸಿನಲ್ಲಿ ಹಾಕಿದರೆ ನಿದ್ದೆಗೆ ಜಾರುತ್ತದೆ ಅನ್ನುವ ನಂಬಿಕೆ ತಣ್ಣೀರಿನ ಮೀನುಗಳ ಮಟ್ಟಿಗೆ ತಲೆಕೆಳಗು. ಮೈ ತಣಿದಷ್ಟೂ ಆಮ್ಲಜನಕದ ಅಗತ್ಯ ಇಳಿಯುತ್ತದೆ, ಸಾವು ನಿಧಾನವಾಗುತ್ತದೆ. ಕಣ್ಣಿನ ಹಿಂದೆ, ತುಸು ಮೇಲೆ, ಮಿದುಳಿರುವ ಜಾಗಕ್ಕೆ ಒಂದು ಬಲವಾದ ಏಟು ಹಾಕಿ ಕೂಡಲೇ ಕಿವಿರು ಕೊಯ್ದರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದೊಂದೇ ಮೀನು ಹಿಡಿಯುವವರಿಗೆ ಇದು ಕಷ್ಟವೇನಲ್ಲ. ಬಲೆ ತುಂಬ ಎತ್ತುವ ಕಡೆ ಆಗುವ ಮಾತಲ್ಲ.

ಏಡಿ, ಸಿಗಡಿ, ಅಷ್ಟಪದಿಗಳನ್ನೂ ಬ್ರಿಟನ್ 2022ರ ಕಾಯ್ದೆಯಲ್ಲಿ ಸಂವೇದನೆಯುಳ್ಳ ಪ್ರಾಣಿಗಳು ಅಂತ ಸೇರಿಸಿದೆ. ಪ್ರಜ್ಞೆ ತಪ್ಪಿಸದೆ ಜೀವಂತ ಲಾಬ್‌ಸ್ಟರ್ ಕುದಿಸುವುದನ್ನು ಸ್ವಿಟ್ಜರ್‌ಲೆಂಡ್ 2018ರಲ್ಲೇ ನಿಲ್ಲಿಸಿತು.

ಎದುರುಮಾತು:
ಗದ್ದೆಯಲ್ಲಿ ಸಾಯುವ ಇಲಿ, ಹಾವು, ಹುಳುಗಳನ್ನು ಯಾರೂ ಲೆಕ್ಕ ಹಾಕಲಿಲ್ಲ. ಉಳುವಾಗ, ಕೊಯ್ಯುವಾಗ, ವಿಷ ಇಡುವಾಗ ಸಾಯುವುದು ಕಡಿಮೆಯೇ? ಒಂದು ದನ ಹುಲ್ಲು ಮೇಯ್ದು ಸತ್ತರೆ ಒಂದೇ ಸಾವು, ತಿಂಗಳುಗಟ್ಟಲೆ ಊಟ. ಸೊಪ್ಪುಕಾಳು ತಿನ್ನುವವನ ಕೈಯೂ ಚೊಕ್ಕಟವಿಲ್ಲ.

ತಕ್ಕಡಿ:
ಕೈ ಚೊಕ್ಕಟವಿಲ್ಲ ಅನ್ನುವುದು ಪೂರ್ತಿ ಒಪ್ಪುವ ಮಾತು. ಈ ವಾದವನ್ನು 2003ರಲ್ಲಿ ಅಮೆರಿಕದ ಪಶುವಿಜ್ಞಾನಿ ಸ್ಟೀವನ್ ಡೇವಿಸ್ ಗಂಭೀರವಾಗಿ ಮಂಡಿಸಿದ್ದರು. ಅದೇ ವರ್ಷ ಗೇವರಿಕ್ ಮ್ಯಾಥೆನಿ ಅದರ ಹುಳುಕು ತೋರಿಸಿದರು: ಡೇವಿಸ್ ಲೆಕ್ಕ ಹಾಕಿದ್ದು ಒಂದು ಹೆಕ್ಟೇರಿಗೆ ಎಷ್ಟು ಸಾವು ಅಂತ. ಅದೇ ಹೆಕ್ಟೇರಿನಲ್ಲಿ ಕಾಳು ಬೆಳೆದರೆ ಹುಲ್ಲು ಮೇಯಿಸಿ ಸಿಗುವ ಮಾಂಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಉಣ್ಣುತ್ತಾರೆ. ತಲಾ ಊಟಕ್ಕೆ ಭಾಗಿಸಿದರೆ ಲೆಕ್ಕ ತಿರುಗಿಬೀಳುತ್ತದೆ. ಮೇಲಾಗಿ ಜಗತ್ತಿನ ಬೆಳೆಯ ಕ್ಯಾಲೊರಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪಶು ಆಹಾರಕ್ಕೇ ಹೋಗುತ್ತದೆ. ಗದ್ದೆಯ ಇಲಿಯ ಸಾವಿನಲ್ಲೂ ಒಂದು ದೊಡ್ಡ ಪಾಲು ಕೋಳಿ, ಹಂದಿಯ ಖಾತೆಗೇ ಬೀಳುತ್ತದೆ. ಬೆಳೆಯೇ ಆಗದ ಹುಲ್ಲುಗಾವಲಿನಲ್ಲಿ ಮೇಯ್ದ ದನದ ವಿಷಯ ಮಾತ್ರ ಬೇರೆ. ಅಲ್ಲಿ ಎದುರುಮಾತು ಅವರ ವಾದಕ್ಕೆ ತೂಕವಿದೆ, ನಾನು ತಳ್ಳಿಹಾಕುವುದಿಲ್ಲ.

ಹಾಗೇ ಇನ್ನೊಂದು ಲೆಕ್ಕ. ಹವಾಮಾನದ ಕಾಳಜಿಯಿಂದ ದನದ ಮಾಂಸ ಬಿಟ್ಟು ಕೋಳಿಗೆ ಹೋಗಿ ಅನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಹವಾಮಾನದ ದೃಷ್ಟಿಯಿಂದ ಅದು ಸರಿ. ನೋವಿನ ದೃಷ್ಟಿಯಿಂದ ನೋಡಿ: ಒಂದು ದನದಿಂದ 250 ಕಿಲೋ, ಒಂದು ಕೋಳಿಯಿಂದ ಒಂದೂವರೆ ಕಿಲೋ ಅಂತ ಇಟ್ಟುಕೊಳ್ಳೋಣ. ಒಂದು ದನದ ಜಾಗಕ್ಕೆ ಸುಮಾರು 167 ಕೋಳಿ ಬರುತ್ತವೆ. ತಲಾ 40 ದಿನದಂತೆ 6,680 ದಿನ, ಅದೂ ಗೂಡುದೀಪ ಅವರು ಮೇಲೆ ಬರೆದಂಥ ದಿನಗಳು. ಎರಡು ವರ್ಷ ಬದುಕಿದ ದನದ್ದು 730 ದಿನ, ಅದರಲ್ಲಿ ಕೆಲವಾದರೂ ಬಯಲಿನಲ್ಲಿ ಕಳೆದಿರುತ್ತವೆ. ಬಿಡುವುದಾದರೆ ಯಾವುದನ್ನು ಮೊದಲು ಬಿಡಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಕಾರ್ಖಾನೆ ಕೋಳಿ ಮತ್ತು ಪಂಜರದ ಮೊಟ್ಟೆ.

ಹಾಲುಬಟ್ಟಲು:
ನಾನೊಬ್ಬ ಬಿಟ್ಟರೆ ಒಂದು ಕೋಳಿಯಾದರೂ ಉಳಿಯುತ್ತದೆಯೇ? ಅಂಗಡಿಯವನು ನಾಳೆಯೂ ಅಷ್ಟೇ ತರಿಸುತ್ತಾನೆ.

ತಕ್ಕಡಿ:
ಅಂಗಡಿಯವನು 20 ಕೋಳಿಯ ಲೆಕ್ಕದಲ್ಲಿ ತರಿಸುತ್ತಾನೆ ಅನ್ನಿ. ಹತ್ತೊಂಬತ್ತು ಸಲ ನೀವು ಬಿಟ್ಟಿದ್ದು ಅವನ ಗಮನಕ್ಕೇ ಬರುವುದಿಲ್ಲ. ಇಪ್ಪತ್ತನೇ ಸಲ ಒಂದು ಪೂರ್ತಿ ಪಂಜರವೇ ಕಡಿಮೆಯಾಗುತ್ತದೆ. ಯಾವ ಸಲ ಅಂತ ಗೊತ್ತಿಲ್ಲದಿರುವಾಗ ಸರಾಸರಿಯಲ್ಲಿ ಒಂದು ಬಿಟ್ಟರೆ ಒಂದರ ಲೆಕ್ಕವೇ. ಬೇಡಿಕೆ ತಗ್ಗಿದರೆ ಬೆಲೆ ಇಳಿದು ಬೇರೆಯವರು ತುಸು ಹೆಚ್ಚು ಕೊಳ್ಳಬಹುದು, ಹಾಗಾಗಿ ಒಂದಕ್ಕಿಂತ ಸ್ವಲ್ಪ ಕಡಿಮೆ ಅನ್ನಿ. ಸೊನ್ನೆಯಂತೂ ಅಲ್ಲ.

ಕಾಳುಕಡ್ಡಿ:
ಬಿಡುವವರು ದಯವಿಟ್ಟು ವಿಟಮಿನ್ ಬಿ12 ವಿಷಯ ಉದಾಸೀನ ಮಾಡಬೇಡಿ. ಹಾಲು, ಮೊಟ್ಟೆಯನ್ನೂ ಬಿಟ್ಟವರಿಗೆ ಗಿಡಮೂಲದಿಂದ ಇದು ನಂಬುವಷ್ಟು ಸಿಗುವುದಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಬಾರದ ರೂಪ. ದಿನಕ್ಕೆ ಬೇಕಾದ್ದು 2.4 ಮೈಕ್ರೋಗ್ರಾಂ ಅಷ್ಟೇ, ಮಾತ್ರೆ ಮಾತ್ರ 1,000 ಮೈಕ್ರೋಗ್ರಾಂ ಯಾಕೆ ಅಂತ ಕೇಳುತ್ತಾರೆ. ಹೊಟ್ಟೆಯ ವಾಹಕ ಪ್ರೋಟೀನು ಒಂದು ಸಲಕ್ಕೆ ಒಂದೆರಡು ಮೈಕ್ರೋಗ್ರಾಂ ಮಾತ್ರ ಹೊರುತ್ತದೆ, ಉಳಿದದ್ದರಲ್ಲಿ ನೂರಕ್ಕೆ ಒಂದರಷ್ಟು ತಾನಾಗಿ ಒಳಸೇರುತ್ತದೆ. ಅದಕ್ಕೇ ದಿನಾ ಸಣ್ಣ ಪ್ರಮಾಣ, ಇಲ್ಲವೇ ವಾರಕ್ಕೆ ಎರಡು ಸಲ ದೊಡ್ಡ ಪ್ರಮಾಣ.

ಮೋಸ ಹೋಗುವುದು ಇಲ್ಲಿ: ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಸಂಗ್ರಹವಿರುತ್ತದೆ, ಹಾಗಾಗಿ ಹಲವರಿಗೆ ಮೊದಲೆರಡು ವರ್ಷ ಏನೂ ಆಗುವುದಿಲ್ಲ, 'ನನಗೆ ಬೇಕಾಗಿಲ್ಲ' ಅನ್ನಿಸುತ್ತದೆ. ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಎಂಬ ವಿಟಮಿನ್ ಈ ಕೊರತೆಯ ರಕ್ತಹೀನತೆಯನ್ನು ಮುಚ್ಚಿಡುತ್ತದೆ, ನರ ಒಳಗೊಳಗೇ ಕೆಡುತ್ತಿರುತ್ತದೆ. ಅಂಗಾಲು ಜುಮ್ಮೆನ್ನುವಷ್ಟರಲ್ಲಿ ತಡವಾಗಿರಬಹುದು. ಕಬ್ಬಿಣದ ಮಟ್ಟಿಗೆ, ಕಾಳಿನ ಜೊತೆ ನಿಂಬೆಹುಳಿ ಇರಲಿ, ಚಹಾ ಕಾಫಿ ಊಟದಿಂದ ಒಂದು ಗಂಟೆ ದೂರವಿರಲಿ. ಗರ್ಭಿಣಿಯರು, ಎಳೆಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಪ್ರಯೋಗ ಬೇಡ. ತತ್ವಕ್ಕಾಗಿ ಮಗು ನರಳುವುದೂ ನರಳಿಕೆಯೇ.

ಎದುರುಮಾತು:
ಲೆಕ್ಕಗಳನ್ನು ಒಪ್ಪಿದೆ. ಆದರೂ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಚೆನ್ನಾಗಿ ಬದುಕಿದ, ಅರಿವಿಲ್ಲದೆ ಸತ್ತ ಪ್ರಾಣಿ. ನಾವು ತಿನ್ನದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಆ ಒಳ್ಳೆಯ ಬದುಕು ಸಿಕ್ಕಿದ್ದೇ ಅದರ ಲಾಭವಲ್ಲವೇ?

ತಕ್ಕಡಿ:
ನೋವು, ಸುಖವನ್ನಷ್ಟೇ ತೂಗುವವರಿಗೆ ಇದು ನಿಜಕ್ಕೂ ಗಟ್ಟಿ ವಾದ. ತತ್ವಜ್ಞಾನಿ ಪೀಟರ್ ಸಿಂಗರ್ ಅಂಥವರೂ ಇದರ ಜೊತೆ ದಶಕಗಟ್ಟಲೆ ಗುದ್ದಾಡಿದ್ದಾರೆ. ಇನ್ನೊಬ್ಬ ತತ್ವಜ್ಞಾನಿ ಟಾಮ್ ರೇಗನ್ ದಾರಿ ಬೇರೆ. ತನ್ನ ಬದುಕು ಚೆನ್ನಾಗಿ ಸಾಗುವುದು ತನಗೇ ಮುಖ್ಯವಾಗಿರುವ ಜೀವಿಯನ್ನು ಬೇರೆಯವರ ಸಾಧನವಾಗಿ ಬಳಸಬಾರದು, ಎಷ್ಟೇ ಮೆತ್ತಗೆ ಬಳಸಿದರೂ ಸರಿ, ಅನ್ನುತ್ತಾರೆ ಅವರು. ನನಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ. ಹುಟ್ಟಿಸಿದ್ದೇ ಉಪಕಾರ, ಹಾಗಾಗಿ ಕೊಲ್ಲುವ ಹಕ್ಕಿದೆ ಅನ್ನುವುದನ್ನು ನಾವು ಬೇರೆ ಯಾರ ವಿಷಯದಲ್ಲೂ ಒಪ್ಪುವುದಿಲ್ಲ. ಆದರೆ ನಿಮ್ಮ ವಾದವನ್ನು ನಿಜವಾಗಿ ನಂಬುವವರು ಅದಕ್ಕೆ ತಕ್ಕಂತೆ ಕೊಳ್ಳಬೇಕಲ್ಲ? 'ಚೆನ್ನಾಗಿ ಬದುಕಿದ' ಅನ್ನುವುದು ವಾದದಲ್ಲಿ ಇದ್ದರೆ ಸಾಲದು, ಕೊಂಡ ಪ್ರಾಣಿಯಲ್ಲಿ ಇರಬೇಕು.

ಎದುರುಮಾತು:
ಸರಿ. ಹಾಗಾದರೆ ಕೊಳ್ಳುವಾಗ ಏನು ಕೇಳಬೇಕು?

ಮೂಕಸಾಕ್ಷಿ:
'ನೈಸರ್ಗಿಕ', 'ತಾಜಾ' ಇಂಥ ಪದಗಳಲ್ಲಿ ಪ್ರಾಣಿಯ ಬಗ್ಗೆ ಏನೂ ಇಲ್ಲ. ಕೋಳಿಯನ್ನು ಎಷ್ಟನೇ ದಿನಕ್ಕೆ ಕೊಯ್ದಿರಿ ಅಂತ ಕೇಳಿ. 40ರ ಆಸುಪಾಸು ಅಂದರೆ ತಳಿ ಯಾವುದು ಅಂತ ಬೇರೆ ಕೇಳಬೇಕಾಗಿಲ್ಲ. ಒಂದು ಚದರ ಮೀಟರಿಗೆ ಎಷ್ಟು ಕಿಲೋ ಕೋಳಿ ಇತ್ತು ಕೇಳಿ. ಸುಧಾರಣೆ ಬಯಸುವವರು ಕೇಳುವ ಮಿತಿ 30 ಕಿಲೋ, ಯುರೋಪಿನ ಕಾನೂನು 42ರವರೆಗೂ ಬಿಡುತ್ತದೆ. ಸಾಗಣೆ ಎಷ್ಟು ಗಂಟೆ, ಪ್ರಜ್ಞೆ ತಪ್ಪಿಸಿದ್ದು ಹೇಗೆ, ಪರೀಕ್ಷಿಸಿದವರು ಯಾರು ಅಂತಲೂ ಕೇಳಿ. ಈ ಐದಕ್ಕೂ ಸ್ಪಷ್ಟವಾಗಿ ಉತ್ತರಿಸಬಲ್ಲವರು ಬಹಳ ಕಡಿಮೆ. ಉತ್ತರ ಸಿಗದಿದ್ದರೆ, ಆ ಪ್ರಾಣಿ ಗೂಡುದೀಪ ಬರೆದಂತೆಯೇ ಬದುಕಿತ್ತು ಅಂತ ಎಣಿಸಿಕೊಂಡು ಆಮೇಲೆ ಕೊಳ್ಳಬೇಕೋ ಬೇಡವೋ ತೀರ್ಮಾನಿಸಿ.

ಗೂಡುದೀಪ:
ಒಂದು ಸೇರಿಸುತ್ತೇನೆ. ಇಡೀ ಕೋಳಿ ಕೊಳ್ಳುವಾಗ ಕಾಲಗಂಟು ಕತ್ತರಿಸಿ ತೆಗೆದಿದ್ದರೆ, ಅದು ಇರುವ ಕೋಳಿ ತೋರಿಸಿ ಅಂತ ಕೇಳಿ. ಆ ಕಂದು ಕಲೆ ಕಾಣುವುದು ಅಲ್ಲೇ.